ಬೋರಲು

ನಮ್ಮೂರಿನವರು ಯಾರ ಮನೆಗೆ ಹೋದರೂ
ಮೊದಲು ತಟ್ಟೆ ಬೋರಲು ಹಾಕಿ ನೋಡುತ್ತಾರೆ.
ಅನುಮಾನವಲ್ಲ, ತವರಿನವರ ಗುರುತು ಹುಡುಕಿದ ಹಾಗೆ.
ಮದುವೆಯೂಟದಲ್ಲಿ, ಆಸ್ಪತ್ರೆಯಲ್ಲಿ,
ಅಪ್ಪನನ್ನು ಮಣ್ಣುಮಾಡಿ ಬಂದು ಚಹಾ ಕುಡಿಯುವಾಗಲೂ
ಅಮ್ಮ ಬಸಿಯ ತಳ ನೋಡಿದ್ದಳು.

ಸ್ಟೋಕ್‌ನ ಬರ್ಸ್ಲೆಮ್. ಆವಿಗೆಗಳ ಊರು.
ಎನಿಡ್ ಕ್ಲೂಸ್, ನನ್ನಮ್ಮ, ಹದಿನೈದಕ್ಕೆ ಕುಂಚ ಹಿಡಿದವಳು,
ತಿರುಗುವ ತಟ್ಟೆಯ ಅಂಚಿಗೆ ಚಿನ್ನದ ಗೆರೆ ಎಳೆಯುವವಳು.
ಉಸಿರು ಹಿಡಿದು ಒಂದು ಸುತ್ತು.
ಗೆರೆ ಹೊರಟಲ್ಲಿಗೇ ಬಂದು ಸೇರಬೇಕು,
ಕೂಡಿದ ಜಾಗ ಕಾಣಬಾರದು.
ಡಜನ್ನಿಗಿಷ್ಟು ಎಂದು ಕೂಲಿ.
ನಾವು ಉಣ್ಣುತ್ತಿದ್ದದ್ದು ಮಾತ್ರ
ಚುಕ್ಕೆ ಬಿದ್ದ ಎರಡನೇ ದರ್ಜೆಯ ತಟ್ಟೆಗಳಲ್ಲಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ,
ದೊಣ್ಣೆ ಕೂಡ ಯಾರೂ ಎತ್ತಲಿಲ್ಲ.
ಬುಧವಾರ, ಹನ್ನೊಂದರ ಚಹಾದ ಹೊತ್ತಿಗೆ
ಲಂಡನ್ನಿನಿಂದ ಬಂದ ಒಬ್ಬ ಹುಡುಗ
ಬೂಟಿಗೆ ಮಣ್ಣು ತಾಗದಂತೆ ಹಲಗೆಯ ಮೇಲೆ ನಿಂತು
ಕಾಗದ ಓದಿದ.
ಮಣ್ಣಿನಿಂದ ಉಂಡವರ ಬಾಯಿಗೆ ಮಣ್ಣು.
ಅಚ್ಚುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ಮೂರು ವಾರ ಇತ್ತು,
ಓವರ್‌ಟೈಮ್ ಸಮೇತ.
ಅಮ್ಮನೂ ತುಂಬಿದಳು. ಕಾಗದ ಸುತ್ತಿ, ಒಡೆಯದ ಹಾಗೆ,
ಸಮುದ್ರ ದಾಟಬೇಕಲ್ಲ ಎಂದು.

ಈಗ ಅಲ್ಲಿ ಗೋದಾಮು. ನನಗೆ ರಾತ್ರಿ ಪಾಳಿ.
ಮಣಿಕಟ್ಟಿನ ಯಂತ್ರ ಹೆಜ್ಜೆ ಎಣಿಸುತ್ತದೆ,
ಉಚ್ಚೆಗೆ ಹೋದ ನಿಮಿಷವನ್ನೂ.
ಒಂದೇ ಒಂದು ಆವಿಗೆ ಉಳಿಸಿದ್ದಾರೆ, ಬೇಲಿ ಹಾಕಿ, ಫಲಕ ಹಚ್ಚಿ.
ಅದರ ಕೊರಳಲ್ಲಿ ಪಾರಿವಾಳ.

ಚುನಾವಣೆ ಬಂತು. ಚರ್ಚಿನ ಹಾಲ್‌ನಲ್ಲಿ ಅಭ್ಯರ್ಥಿ
ನಿಮ್ಮ ತುತ್ತು ಕಸಿದವರು ಹೊರಗಿನವರು ಎಂದ.
ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳೇಕೆ.
ಅಮ್ಮ ಕಪ್ ಬರಿದು ಮಾಡಿ ಬೋರಲು ಹಾಕಿದಳು.
ಯಾರೋ ದಾನ ಕೊಟ್ಟ ಹೊಸ ಸೆಟ್ಟು.
ತಳದಲ್ಲಿ ನಮ್ಮದೇ ಕಾರ್ಖಾನೆಯ ಹೆಸರು, ಕಿರೀಟ ಸಹಿತ;
ಅದರ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಇಂಡೊನೇಷ್ಯಾ.
ಅಂಚಿನ ಗೆರೆಯ ಮೇಲೆ ಉಗುರಾಡಿಸಿ, ಕನ್ನಡಕ ಏರಿಸಿ
ಕೂಡಿದ ಜಾಗ ಹುಡುಕಿದಳು.
ಸಿಗಲಿಲ್ಲ.

‘ಕೈ ಪಳಗಿದವಳು’ ಎಂದಳು, ಎದ್ದು ನಿಂತು.
‘ಇವಳಿಗೆ ಡಜನ್ನಿಗೆ ಎಷ್ಟು ಕೊಡುತ್ತಾರೆ?
ಉಳಿದದ್ದು ಯಾರ ಮನೆಗೆ ಹೋಗುತ್ತದೆ?’

ಅಭ್ಯರ್ಥಿ ನಕ್ಕ. ತನ್ನ ಕೈಲಿದ್ದ ಕಪ್ ನೋಡಿದ.
ತುಂಬಿತ್ತು.
ಬೋರಲು ಹಾಕುವಂತಿರಲಿಲ್ಲ.