ಸ್ಥಳ ಪರಿಶೀಲನೆ

ಬಕ್ಷಿ ಗಾರ್ಡನ್ನಿನ ಏಳನೇ ಅಡ್ಡಗಲ್ಲಿ.
ನೀರಿನ ಟ್ಯಾಂಕಿನ ಹತ್ತಿರ ಕೇಳಿ ಅಂದಿದ್ದರು, ಕೇಳಿದೆ.
"ಬೆಳ್ಳುಳ್ಳಿ ಅಜ್ಜೀನಾ? ವಾಸನೆ ಹಿಡ್ಕೊಂಡು ಹೋಗಿ ಮೇಡಂ"
ಅಂದ ಹುಡುಗ, ಗಾಳಿಪಟದಿಂದ ಕಣ್ಣು ಕೀಳದೆ.

ಕಾಟನ್‌ಪೇಟೆಯ ಈ ನಟ್ಟನಡುವೆ
ನನ್ನ ಹುದ್ದೆಯ ಹೆಸರು ಗ್ರಾಮ ಲೆಕ್ಕಿಗ.
ಗ್ರಾಮ ಎಲ್ಲಿದೆಯೋ, ಲೆಕ್ಕವಂತೂ ಇದೆ:
ಕಂಕುಳಲ್ಲಿ ನಲವತ್ತೊಂದು ಅರ್ಜಿ, ಸಂಜೆಯೊಳಗೆ ಮುಗಿಯಬೇಕು.
ಇದು ಹದಿನೇಳನೆಯದು. ಅಕ್ಕಯ್ಯಮ್ಮ, ವೃದ್ಧಾಪ್ಯ ವೇತನ.
ಒಮ್ಮೆ ವಯಸ್ಸು ತಾಳೆಯಾಗದೆ ತಿರಸ್ಕೃತ,
ಇನ್ನೊಮ್ಮೆ ಹೆಸರಿನಲ್ಲಿ ಒಂದು ಯ-ವತ್ತು ಹೆಚ್ಚಾಗಿ.

ಹೊಸಿಲ ಮುಂದೆ ರಂಗೋಲಿ, ಇನ್ನೂ ಹಸಿ.
ಒಳಗೆ ಅವಳು
ಜರಿಯಂಚಿನ ಹಸಿರು ರೇಷ್ಮೆಯುಟ್ಟು
ಕೆಂಪು ಹರಳಿನ ಓಲೆಯಿಟ್ಟು
ಬೀಗಿತ್ತಿ ಬರುತ್ತಾಳೆಂಬಂತೆ ನಿಂತಿದ್ದಾಳೆ.

ಬಾಗಿಲಿಗೆ ಓಡಿ ಬಂದವಳು ಪಕ್ಕದ ಮನೆ ಜಬೀನಾ:
"ಬಡ್ಕೊಂಡೆ ಮೇಡಂ, ಹರ್ದಿದ್ದು ಉಟ್ಕೋ,
ಫ್ಯಾನ್ ಬಿಚ್ಚಿ ನಮ್ಮನೇಲಿಡು ಅಂತ. ಕೇಳಲ್ಲ.
ಓಲೆ ನಂದು. ಸೀರೆ ಎದುರುಮನೆ ಟೀಚರ್ದು.
ಬರ್ಕೊಳ್ಳಿ ಬೇಕಾದ್ರೆ."

ಅಕ್ಕಯ್ಯಮ್ಮ ಗದರಿದಳು:
"ಸರ್ಕಾರ ಮನೆಗೆ ಬರೋವಾಗ
ಹರಕು ಉಟ್ಕೊಂಡು ನಿಂತ್ಕೊಳ್ಳಕ್ಕಾಗತ್ತಾ?"

ಸರ್ಕಾರ ಅಂದರೆ ನಾನು.
ಎಡಗಾಲ ಚಪ್ಪಲಿಯ ಉಂಗುಷ್ಠ ಕಿತ್ತು
ಪಿನ್ನು ಚುಚ್ಚಿಕೊಂಡಿದ್ದ ನಾನು
ಆ ಕಾಲನ್ನು ಇನ್ನೊಂದು ಕಾಲ ಹಿಂದೆ ಇಟ್ಟೆ.

ಗಂಡ? "ಹೋದ."
ತೀರಿಕೊಂಡರಾ?
"ಅದು ಗೊತ್ತಿಲ್ಲ ಕಣವ್ವ. ಹೋದ."
ವಿಧವೆ ಅನ್ನಲು ಮರಣಪತ್ರ ಬೇಕು,
ಮುತ್ತೈದೆ ಅನ್ನಲು ಗಂಡ.
ಆ ಕಾಲಂ ಖಾಲಿ ಬಿಟ್ಟೆ.

ವಾರ್ಷಿಕ ಆದಾಯ?
"ವರ್ಷ ಯಾರು ಕಂಡವ್ರೆ. ಕೇಜಿ ಸುಲಿದ್ರೆ ಇಪ್ಪತ್ತು.
ಕಣ್ಣು ಕೇಳಿದ ದಿನ ಐದು ಕೇಜಿ,
ಮಿಲಿಟರಿ ಹೋಟ್ಲವ್ನು ಸಣ್ಣೆಸಳು ಕೊಟ್ರೆ ಮೂರೇ.
ಐದಂತ ಹಾಕ್ಕೊ."

ಬೇಡ ಅಜ್ಜಿ, ನಾಲ್ಕು ಅನ್ನಿ.
"ಐದು ಸುಲೀತೀನಿ. ನಾಲ್ಕಂತ ಯಾಕನ್ಲಿ?"

ಫೋನಿನಲ್ಲಿ ಗುಣಿಸಿದೆ. ಮಿತಿ ದಾಟಿ ಮೂರು ಸಾವಿರದ ಚಿಲ್ಲರೆ.
ಅವಳು ಶ್ರೀಮಂತೆ. ಯಂತ್ರ ಹಾಗೆ ಹೇಳಿತು.

ಹೊರಗೆ ಕುಕ್ಕರು ಕೂಗಿತು. ಕೂತೆ.
ಕಾಫಿ ಬಂತು, ಅದರಲ್ಲೂ ತುಸು ಬೆಳ್ಳುಳ್ಳಿ.
ಕುಡಿಯುತ್ತ ಕೇಳಿದೆ: ಏಕಾದಶಿಗೆ ಕೆಲಸ ಇರುತ್ತಾ?
"ಮಿಲಿಟರಿ ಹೋಟ್ಲು ಏಕಾದಶಿ ನೋಡತ್ತಾ?"
ಇರಲಿ. ಏಕಾದಶಿ ಕಳೆದೆ, ಇಪ್ಪತ್ನಾಲ್ಕು.
ಗ್ರಹಣ ಎರಡು ಕಳೆದೆ.
ಪಿತೃಪಕ್ಷ ಹದಿನೈದೂ ದಿನ ಕಳೆದೆ.
ಬೆಳ್ಳುಳ್ಳಿ ವರ್ಜ್ಯವೆಂದು ಯಾರು ಮೊದಲು ಹೇಳಿದರೋ
ಆ ಪುಣ್ಯಾತ್ಮರಿಗೆ ಕಾಫಿ ಲೋಟದಲ್ಲೇ ನಮಸ್ಕಾರ ಮಾಡಿದೆ.

ಮಿತಿಯೊಳಗೆ ಬಂದಳು.
"ಸುಳ್ಳು ಬರ್ದ್ಯಾ ಅವ್ವ?" ಅಂದಳು, ನನ್ನ ಪೆನ್ನು ನೋಡುತ್ತ.
ಪಂಚಾಂಗ ಬರೆದೆ, ಅಂದೆ.
ನಗಲಿಲ್ಲ.

ಇನ್ನು ಫೋಟೊ. ಮನೆ ಮುಂದೆ ಅರ್ಜಿದಾರರು
ಸ್ಪಷ್ಟವಾಗಿ ಕಾಣುವಂತೆ, ಎಂದಿದೆ ಸುತ್ತೋಲೆ.
ಜಬೀನಾ ಓಲೆಗೆ ಕೈ ಹಾಕಿದಳು. ಅಜ್ಜಿ ಕೈ ತಳ್ಳಿದಳು.
"ಇರಲಿ. ಇದಾದ ಮೇಲೆ ನನ್ ಫೋಟೊ ಯಾರು ತೆಗೀತಾರೆ?"
ಕುತ್ತಿಗೆಯವರೆಗೆ ಕತ್ತರಿಸಬಹುದಿತ್ತು.
ಎರಡು ಹೆಜ್ಜೆ ಹಿಂದೆ ಸರಿದು
ರಂಗೋಲಿ ಸಮೇತ ತೆಗೆದೆ.
ಮೇಲಿನವರು ಏನನ್ನುತ್ತಾರೋ ಗೊತ್ತಿಲ್ಲ.

ಷರಾ ಎಂಬಲ್ಲಿ ಎರಡೇ ಗೆರೆ ಜಾಗ.
ಅರ್ಜಿದಾರರು ಖುದ್ದು ಹಾಜರಿದ್ದರು, ಅಂತ ಬರೆದೆ.

ಹದಿನೆಂಟನೆಯದು ಮೂರನೇ ಮಹಡಿ.
ಮೆಟ್ಟಿಲಿಗೆ ಕಂಬಿ ಇಲ್ಲ. ಮೇಲಿಂದ ಯಾರೋ
ಆಗಲೇ ಕೇಳುತ್ತಿದ್ದಾರೆ, ಮೇಡಂ ಬಂದ್ರಾ ಅಂತ.
ಗೋಡೆ ಹಿಡಿದು ಹತ್ತುತ್ತಿದ್ದೇನೆ,
ಬೆರಳಿಗೆ ಬೆಳ್ಳುಳ್ಳಿ ವಾಸನೆ.