ಎಣ್ಣೆ ಬಿದ್ದ ಮೇಲೆ

ಬೋಳಾರದ ಮಿಲ್ಲಿನಲ್ಲಿ ಅಬ್ಬೋನುಚ್ಚ
ಹಲಗೆಯ ಬೆನ್ನು ತಟ್ಟಿ ಹೇಳಿದ್ದರು:
"ಹಲಸು. ಸುಳ್ಳಲ್ಲ. ಬೇಕಾದರೆ ಮೂಸಿ ನೋಡಿ."
ಮೂಸಿದೆ. ಹಣ್ಣಿನ ವಾಸನೆಯೇನೂ ಇಲ್ಲ,
ಹಳೇ ಪೆಟ್ಟಿಗೆ ತೆರೆದ ಹಾಗೆ, ಅಷ್ಟೆ.
ಆರಡಿ ಉದ್ದ. ಒಂದು ಅಂಚು ನೇರ,
ಇನ್ನೊಂದು, ಮರ ತಾನು ಬೆಳೆದ ಹಾಗೇ.
ಕುಲಶೇಖರದ ನಮ್ಮ ಟೆರೇಸಿಗೆ ನಾಲ್ಕು ಜನ ಹೊತ್ತು ತಂದು
ಒಂದೊಂದು ಚೊಂಬು ನೀರು ಕುಡಿದು
ನನ್ನನ್ನು ಅದರ ಜೊತೆ ಬಿಟ್ಟು ಹೋದರು.

ನನಗೆ ಉಜ್ಜುವುದು ಹೊಸತಲ್ಲ.
ಹಂಪನಕಟ್ಟೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ
ಹಲ್ಲಿನ ಸೆಟ್ಟು ಉಜ್ಜಿದವಳು.
ಈ ಊರಿನ ಎಷ್ಟೋ ನಗು
ನನ್ನ ಕೈಯಲ್ಲಿ ಹೊಳಪು ಕಂಡು
ಡಬ್ಬಿಯಲ್ಲಿ ಕೂತು ಮನೆಗೆ ಹೋದದ್ದು.
ಮೇಜು ಎಂದರೇನು, ದೊಡ್ಡದೊಂದು ಹಲ್ಲು,
ಎಂದುಕೊಂಡೇ ಶುರುಮಾಡಿದೆ.

ಎಂಬತ್ತರ ಹಾಳೆ.
ಗರಗಸದ ಗೆರೆ, ಮಸಿ,
ಯಾರೋ ಸೀಮೆಸುಣ್ಣದಲ್ಲಿ ಬರೆದ ಅಳತೆ,
ಎಲ್ಲ ಅರಸಿನದಂಥ ಹುಡಿಯಾಗಿ
ಮೂಗಿಗೆ, ರೆಪ್ಪೆಗೆ, ಬಳೆಯ ಸಂದಿಗೆ.
ಪಕ್ಕದ ಅಂಗಳದಿಂದ ವಾರಿಜಕ್ಕ:
"ಎಂಥದು ಮಾರಾಯ್ತಿ, ಹಪ್ಪಳದ ಮೇಲೆಲ್ಲ ಹುಡಿ!"
ಹಲಸಿನ ಹಪ್ಪಳ.
ಹಲಸಿನ ಮೇಲೆ ಹಲಸು ಬಿದ್ದರೆ ಏನಕ್ಕ, ಎನ್ನಬೇಕೆಂದಿದ್ದೆ.
ಎನ್ನಲಿಲ್ಲ. ಇಳಿದು ಹೋಗಿ
ಚಾಪೆಯ ಒಂದು ತುದಿ ಹಿಡಿದೆ.

ದಾಮೋದರಾಚಾರ್ರು ಹೇಳಿದ್ದು ಎರಡೇ ಮಾತು:
ನಾರು ಹೋದ ಕಡೆಗೆ ಕೈ ಹೋಗಲಿ.
ನಂಬರು ಹಾರಬೇಡಿ.
ಮೊದಲನೆಯದನ್ನು ತಿಳಿಯದೆ ಮೀರಿದೆ.
ಹಲ್ಲಿಗೆ ನಾರಿಲ್ಲ,
ಸುತ್ತಿ ಸುತ್ತಿ ಉಜ್ಜಿಯೇ ಅಭ್ಯಾಸವಾದ ಕೈ.
ಎರಡನೆಯದನ್ನು ತಿಳಿದೇ.
ನೂರಿಪ್ಪತ್ತರದ್ದು ಮುಗಿದಿತ್ತು, ಭಾನುವಾರ, ಅಂಗಡಿಯಿಲ್ಲ;
ಎಂಬತ್ತರಿಂದ ಇನ್ನೂರಿಪ್ಪತ್ತಕ್ಕೆ ನೆಗೆದೆ,
ಮಗ್ಗಿಯಲ್ಲಿ ಏಳನ್ನು ನುಂಗಿ
ಎಂಟು ಹೇಳುವ ಮಗುವಿನ ಹಾಗೆ.
ಕೈಯಾಡಿಸಿದರೆ ನುಣುಪೇ ಇತ್ತು.
ಕೆನ್ನೆಯಿಟ್ಟು ನೋಡಿದೆ, ನುಣುಪೇ.
ವಾರಿಜಕ್ಕನೂ ಬಂದು ಸವರಿ
"ಗಾಜು!" ಎಂದರು.

ಒಣಮರ ಗುಟ್ಟು ಬಿಡುವುದಿಲ್ಲ.
ಅಗಸೆ ಎಣ್ಣೆಯಲ್ಲಿ ಬಟ್ಟೆಯದ್ದಿ
ಮೊದಲ ಸಲ ಎಳೆದೆ ನೋಡಿ,
ಹಳದಿ ಜೇನಾಯಿತು,
ಸುಳಿ ಎದ್ದಿತು, ಗಂಟು ಕಣ್ಣು ಬಿಟ್ಟಿತು,
ನಾನು ಬಾಯಿ ಬಿಟ್ಟು ನಿಂತಿದ್ದಾಗಲೇ
ಒಂದೊಂದಾಗಿ ಬಂದವು
ಉಗುರಿನಷ್ಟು ಉಗುರಿನಷ್ಟು ವೃತ್ತಗಳು.
ಬಲಬದಿಯವು, ತೋಳು ಸೋತಾಗಿನವು.
ಈ ಅಡ್ಡಗೀರು, ಫೋನು ಬಂದಾಗಿನದು.
ಬೊನಿಯ ಜೊತೆ ಮಾತು ಬಿಟ್ಟ ಮಂಗಳವಾರ, ಇಲ್ಲಿ,
ಇಷ್ಟು ಆಳ.

ಆಚಾರ್ರು ಮೆಟ್ಟಿಲು ಹತ್ತಿ ಬಂದರು.
ಟಾರ್ಚು ಅಡ್ಡ ಹಿಡಿದು, ಬೆಳಕನ್ನು
ಹಲಗೆಯ ಮೇಲೆ ಮಲಗಿಸಿ ನೋಡಿದರು.
ಗೀರಿಗೆ ಬೈಯಲಿಲ್ಲ. ಎಣ್ಣೆಬಟ್ಟೆ
ಮುದ್ದೆಮಾಡಿ ಇಟ್ಟದ್ದಕ್ಕೆ ಬೈದರು,
"ತಾನಾಗಿಯೇ ಬೆಂಕಿ ಹಿಡಿದೀತು, ಹರಡಿ."
ಆಮೇಲೆ ಬೆನ್ನು ತಿರುಗಿಸಿ
ಮೇಲಿನ ಸೆಟ್ಟು ತೆಗೆದು, ಅಂಗಿಯಂಚಿಗೆ ಒರೆಸಿ
ಹಲಗೆಯ ಎಣ್ಣೆ ಕಾಣದ ಮೂಲೆಯಲ್ಲಿಟ್ಟರು.
ನನ್ನದೇ ಕೆಲಸ. ನಾಲ್ಕು ವರ್ಷ ಹಿಂದಿನದ್ದು.
"ಇಲ್ಲಿ ಸಣ್ಣದೊಂದು ಉಂಟು. ಒತ್ತುತ್ತದೆ."
ಕಣ್ಣಿಗೆ ಏನೂ ಕಾಣಲಿಲ್ಲ.
"ಆಗಲೇ ಹೇಳಬಹುದಿತ್ತಲ್ಲ?"
"ಅಷ್ಟು ಹೊಳೆಯುತ್ತಿತ್ತಲ್ಲ," ಎಂದರು.
ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು, ಅರ್ಧ ಗಾಳಿ.

ಕಣ್ಣು ಮುಚ್ಚಿ ಬೆರಳಾಡಿಸಿದೆ.
ಸಿಕ್ಕಿತು. ಎಳ್ಳಿನಷ್ಟು.

ಕಡಲಗಾಳಿಗೆ ಐದು ದಿನ ಎಣ್ಣೆ ಆರಲಿಲ್ಲ.
ಆರನೆಯ ಬೆಳಿಗ್ಗೆ ಮತ್ತೆ ಎಂಬತ್ತು,
ನಾರಿನುದ್ದಕ್ಕೆ, ಮೊಣಕೈಯಿಂದ ಭುಜದ ತನಕ.
ನೂರಿಪ್ಪತ್ತರದ್ದು ಡಜನ್ ತಂದಿಟ್ಟಿದ್ದೇನೆ.
ಮೊದಲ ಎಳೆತಕ್ಕೇ ಕೇಳಿತು,
ಕೆಳಗೆ ವಾರಿಜಕ್ಕ
ಏನೂ ಹೇಳದೆ
ಚಾಪೆ ಎಳೆಯುವ ಸದ್ದು.