ನೆರಳು ಬಿದ್ದರೆ ಕಲ್ಲು

ಹಾಸನದ ದೊಡ್ಡಾಸ್ಪತ್ರೆ ಎದುರು, ಔಷಧಿ ಅಂಗಡಿಯ ಮೇಲೆ
ನನ್ನ ಕತ್ತಲೆ ಕೋಣೆ.
ಬಾಗಿಲಿಗೆ ಕಾಯಿದೆಯ ಹಲಗೆ:
ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ.
ಚೆನ್ನಾಜಮ್ಮ ಅಕ್ಷರ ಕೂಡಿಸಿ ಓದಿ
ಸೆರಗಿನಲ್ಲಿ ನಕ್ಕಳು:
"ನಂಗೆ ಐವತ್ತೆಂಟು. ನನ್ನ ಹೊಟ್ಟೇಲಿರೋದು ಏನೂಂತ ಹೇಳಬಹುದು ಬಿಡಿ."

ದುದ್ದದಿಂದ ಮೊದಲ ಬಸ್ಸಿಗೆ ಬಂದವಳು,
ಶಾಲೆಯ ಬಿಸಿಯೂಟದ ಅಡುಗೆಯವಳು.
ತಿಂಗಳಿಂದ ಬಲಪಕ್ಕೆಯ ಕೆಳಗೆ ಹಿಡಿತ,
ಬೆನ್ನಿಗೆ ಹಾಯ್ದು ಹೆಗಲಿಗೇರಿ ಕೂರುವ ನೋವು.
ಪಿತ್ತ ಎಂದರು ಎಲ್ಲರೂ,
ಜೀರಿಗೆ ಕಷಾಯ ಕೊಟ್ಟರು, ನಿಂಬೆಹಣ್ಣು ನಿವಾಳಿಸಿದರು.
ಗಂಡ ಮಾತ್ರ ಎಂದನಂತೆ:
"ನಿನ್ನ ಪಿತ್ತ ಹೊಟ್ಟೇಲಿ ಯಾವತ್ತಿತ್ತು, ನೆತ್ತೀಲಿ ತಾನೆ?"

"ಖಾಲಿ ಹೊಟ್ಟೆಯಾ?"
"ಹೂಂ ಮೇಡಮ್, ಹನಿ ನೀರಿಲ್ಲ."

ತಣ್ಣನೆ ಜೆಲ್ಲಿಗೆ ಬೆಚ್ಚಿದಳು.
ಪಕ್ಕೆಲುಬಿನಡಿ ಕೈ ಓರೆ ಮಾಡಿ ಹುಡುಕಿದೆ.
ಯಕೃತ್ತು, ಸೋಸಿದ ಬೂದಿಯ ಬಣ್ಣ.
ಅದರ ಮಗ್ಗುಲಲ್ಲಿ ಇರಬೇಕಿತ್ತು
ಉದ್ದ ಸೀಬೆಕಾಯಿ ಆಕಾರದ ಕರಿ ಕೊಳ
(ನಮ್ಮಲ್ಲಿ ಕರಿ ಅಂದರೆ ನೀರು, ಬಿಳಿ ಅಂದರೆ ಗಟ್ಟಿ;
ಈ ತಿರುಗುಮುರುಗು ನನಗೂ ರೂಢಿಯಾಗಲು ವರ್ಷ ಹಿಡಿಯಿತು).
ಕೊಳ ಇರಲಿಲ್ಲ.
ಹಿಂಡಿದ ಬಟ್ಟೆಯಂತೆ ಮುದುಡಿ ಕೂತಿತ್ತು ಚೀಲ.

"ಕಾಫಿ ಕುಡಿದಿರಾ?"
ಮಾತಿಲ್ಲ. ಆಮೇಲೆ, "ಒಂದೇ ಲೋಟ. ಹಾಲು ಹಾಕಿದ್ದು.
ಅದೂ ಕಾಣ್ತದಾ ಇದರಲ್ಲಿ?"

ಕಾಣುತ್ತದೆ. ಹಾಲಿನ ಕೊಬ್ಬು ಕರುಳಿಗಿಳಿದೊಡನೆ
ಪಿತ್ತಕೋಶ ತನ್ನಲ್ಲಿದ್ದುದನ್ನೆಲ್ಲ ಸುರಿದುಬಿಡುತ್ತದೆ,
ನೆಂಟರು ಬಂದರೆ ಮನೆಮಂದಿಯ ಸಾರನ್ನೂ ಬಡಿಸುವವಳ ಹಾಗೆ.

ಮಧ್ಯಾಹ್ನ ಮೂರಕ್ಕೆ ಮತ್ತೆ ಬಂದಳು.
ಅಷ್ಟು ಹೊತ್ತೂ ಕೆಳಗಿನ ಮೆಟ್ಟಿಲಲ್ಲಿ ಕೂತು
ಬೋಂಡದ ಗಾಡಿಗೆ ಬೆನ್ನು ಹಾಕಿದ್ದಳಂತೆ.

ಈಗ ಕೊಳ ತುಂಬಿತ್ತು.
ತಳದಲ್ಲಿ ಗಸಿ, ಅಂಬಲಿಯ ರಾಗಿ ಕೆಳಗೆ ನಿಂತಂತೆ.
ಗಸಿಯ ಮೇಲೆ ಮೂರು ಬಿಳಿ ಕಮಾನು,
ಒಂದೊಂದರ ಹಿಂದೆಯೂ ನೆಟ್ಟಗೆ ಕರಿ ಪಟ್ಟೆ:
ಸದ್ದು ದಾಟಲಾರದೆ ಹಿಂದಿರುಗಿದ ಜಾಗ.
ಬಿಳಿ ಏನೂ ಇರಬಹುದು, ನಾನು ನಂಬುವುದಿಲ್ಲ.
ನೆರಳು ಬಿದ್ದರೆ ಕಲ್ಲು.

"ಎಡಕ್ಕೆ ಹೊರಳಿ."
ಅವಳೊಂದಿಗೆ ಅವೂ ಹೊರಳಿದವು.
ಗೋಡೆಗೆ ಅಂಟಿದ್ದರೆ ಬೇರೆ ಹೆಸರು, ಬೇರೆ ಭಯ.
"ಉಸಿರು ಎಳ್ಕೊಳ್ಳಿ" ಎಂದು ಅಲ್ಲೇ ಒತ್ತಿದೆ;
ಅರ್ಧಕ್ಕೇ ತುಂಡಾಯಿತು ಉಸಿರು.
ಗೋಡೆ ಐದು ಮಿಲಿಮೀಟರು, ಈರುಳ್ಳಿಯಂತೆ ಪದರ.

ಪರದೆ ತಿರುಗಿಸಿ ತೋರಿಸಿದೆ.
ನೋಡಿದಳು, ಬಹಳ ಹೊತ್ತು.
"ಇಪ್ಪತ್ತು ವರ್ಷ ಸ್ಕೂಲಿನ ಅಕ್ಕೀಲಿ ಕಲ್ಲು ಆರಿಸಿದೀನಿ,
ಒಂದು ಮಗೂನ ಹಲ್ಲಿಗೂ ಸಿಕ್ಕಿಲ್ಲ.
ಮೊರ ಹಿಡಿದ್ರೆ ಕಣ್ಣು ಮುಚ್ಚಿದ್ರೂ ಗೊತ್ತಾಗೋದು,
ಕಲ್ಲು ಉರುಳೋ ಸದ್ದೇ ಬೇರೆ."
ನನ್ನ ಕೈ ನಿಂತಿತು.
ನಾನೂ ಸದ್ದಿನಲ್ಲೇ ಹುಡುಕುವವಳು. ಹೇಳಲಿಲ್ಲ.

ಇನ್ನು ನಾಳ.
ರಕ್ತನಾಳದ ಪಕ್ಕ ತೆಳ್ಳಗೆ ಓಡಬೇಕಾದದ್ದು
ಅದಕ್ಕೆ ಸರಿಸಮ ಉಬ್ಬಿ, ಜೋಡಿ ನಳಿಗೆಯ ಕೋವಿ.
ಆರರೊಳಗಿರಬೇಕು; ಹನ್ನೊಂದು.
ಅಂದರೆ ಕೆಳಗೆಲ್ಲೋ ನಾಲ್ಕನೆಯದು
ಕೆರೆಯ ತೂಬಿಗೆ ಸಿಕ್ಕಿಕೊಂಡಿದೆ.
ಬೆನ್ನು ಹತ್ತಿದೆ. ಕರುಳಿನ ಗಾಳಿ ಅಡ್ಡ ಬಂತು.
ಎರಡು ಲೋಟ ನೀರು ಕುಡಿಸಿದೆ,
ಕೂರಿಸಿದೆ, ಒತ್ತಿದೆ, ನಾನೇ ಓರೆಯಾದೆ.
ಕಾಣಲಿಲ್ಲ.

ದೀಪ ಹಾಕಿದ ಮೇಲೆ ಅವಳ ಕಣ್ಣು ನೋಡಿದೆ.
ಬಿಳಿಯ ಅಂಚಿಗೆ ತೆಳು ಹಳದಿ,
ಅರಿಶಿನದ ಕೈ ತೊಳೆದ ನೀರಿನಷ್ಟು.
ಯಂತ್ರಕ್ಕೆ ಮೊದಲು ಇದನ್ನು ನೋಡಬೇಕಿತ್ತು.

ವರದಿ: ಪಿತ್ತಕೋಶದಲ್ಲಿ ಕಲ್ಲು ಮೂರು. ಉರಿಯೂತವಿದೆ.
ನಾಳ ಹಿಗ್ಗಿದೆ. ಕೊನೆಯ ಭಾಗ ಕಂಡಿಲ್ಲ.
ಕಂಡಿಲ್ಲ ಎಂದು ಬರೆಯಲು ನನಗೆ ಯಾವಾಗಲೂ
ಕೊಂಚ ಜಾಸ್ತಿ ಹೊತ್ತು ಬೇಕು.

ಎಲ್ಲ ಬಿಡಿಸಿ ಹೇಳಿದೆ, ನಾಲ್ಕನೆಯದನ್ನೂ.
ಮನೆಗಲ್ಲ, ನೇರ ಎದುರಿನ ಆಸ್ಪತ್ರೆಗೆ ಎಂದೆ.
ಬಾಗಿಲ ಬಳಿ ನಿಂತು ಕೇಳಿದಳು:
"ತೆಗೆದ ಕಲ್ಲು ಕೈಗೆ ಕೊಡ್ತಾರಂತಲ್ಲ?"
ಕೊಡುತ್ತಾರೆ, ಸಣ್ಣ ಡಬ್ಬಿಯಲ್ಲಿ.
"ಹಂಗಾದ್ರೆ ಎಣಿಸ್ಕೋತೀನಿ" ಎಂದು
ಗೋಡೆ ಹಿಡಿದು ಮೆಟ್ಟಿಲಿಳಿದಳು.